ಅಣ್ಣೆರ್ ಕೊಟ್ಟ ಮಾತು

ಅಣ್ಣೆರ್ ಮಾತು ಕೊಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಇಳಿಸುತ್ತಿದ್ದರು. ಆಮೇಲೆ ಪ್ಯಾಂಟಿನ ಜೇಬಿನಿಂದ ಗ್ಯಾರೇಜಿನ ಕೀಗೊಂಚಲು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. "ನಾನು ಹೇಳಿದ್ದು ಆಗದಿದ್ರೆ ನಾಳೆಯಿಂದ ಗ್ಯಾರೇಜು ನಿಮ್ಮದು, ಖಲಾಸ್" ಎನ್ನುತ್ತಿದ್ದರು. ಎದುರಿಗಿದ್ದವರು ಕೀಯನ್ನು ಅವರ ಕಡೆಗೇ ತಳ್ಳಿ, "ಎಂಥ ಅಣ್ಣೆರ್, ನಿಮ್ಮ ಮಾತೇ ಸಾಕಲ್ವಾ" ಎನ್ನಬೇಕು. ಅಲ್ಲಿಗೆ ಮಾತು ಕೊಟ್ಟಂತಾಯಿತು. ಈ ಶಾಸ್ತ್ರವನ್ನು ಎಷ್ಟು ಸಲ ನೋಡಿದ್ದೇನೋ ನನಗೇ ನೆನಪಿಲ್ಲ. ಕೀಯನ್ನು ಯಾರೂ ಇಟ್ಟುಕೊಂಡದ್ದಿಲ್ಲ. ಇಟ್ಟುಕೊಳ್ಳುವ ಪ್ರಸಂಗವೂ ಬಂದಿರಲಿಲ್ಲ, ನಮ್ಮ ಮಗಳ ವಿಷಯ ಬರುವವರೆಗೆ.

ಅಣ್ಣೆರ್ ಎಂದರೆ ತುಳುವಿನಲ್ಲಿ ಅಣ್ಣನಿಗೆ ಮರ್ಯಾದೆ ಸೇರಿಸಿ ಹೇಳುವ ಮಾತು. ಬಹ್ರೇನಿನಲ್ಲಿ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ತುಳುವರು ಮಾತ್ರವಲ್ಲ, ಮನೆಯಲ್ಲಿ ಕೊಂಕಣಿ ಆಡುವ ನಾವೂ, ಬ್ಯಾರಿಗಳೂ, ಬೆಂಗಳೂರಿನಿಂದ ಬಂದ ಇಂಜಿನಿಯರುಗಳೂ. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಜನ ನನ್ನೊಡನೆ ಮಾತು ಬಿಡುತ್ತಾರೆ, ಉಳಿದರ್ಧ ಜನ ಮನೆಗೆ ಬಂದು ಸಮಾಧಾನ ಹೇಳುತ್ತಾರೆ. ಎರಡನೆಯದನ್ನು ತಡೆದುಕೊಳ್ಳುವುದು ನನಗೆ ಹೆಚ್ಚು ಕಷ್ಟ.

ಕಳೆದ ತಿಂಗಳು ಅವರು ಊರಿನಲ್ಲಿ ತೀರಿಕೊಂಡರು. ಸುದ್ದಿ ಬಂದ ಮರುದಿನವೇ ಇಲ್ಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಬಾಯಮ್ಮ, ನಿಮ್ಮ ಕನ್ನಡ ಒಳ್ಳೆದುಂಟು. ಅಣ್ಣೆರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದು ಕೊಡಿ, ಸಂಚಿಕೆಗೆ ಹಾಕುವ." ನಾಲ್ಕಲ್ಲ, ನನ್ನ ಹತ್ತಿರ ಅವರ ಬಗ್ಗೆ ನಲವತ್ತು ಒಳ್ಳೆಯ ಮಾತುಗಳಿವೆ. ಅವನ್ನೂ ಬರೆಯುತ್ತೇನೆ. ಆದರೆ ಅಲ್ಲಿಗೇ ನಿಲ್ಲಿಸಲು ನನ್ನಿಂದ ಆಗುವುದಿಲ್ಲ.

ಟುಬ್ಲಿಯಲ್ಲಿ ಅವರದೊಂದು ಗ್ಯಾರೇಜಿತ್ತು. ಕಾರುಗಳ ಎಸಿ ರಿಪೇರಿ. ಈ ಬಿಸಿಲಿನ ದೇಶದಲ್ಲಿ ಎಸಿ ಕೆಟ್ಟ ಕಾರಿನವನು ಹೇಗೆ ಒದ್ದಾಡುತ್ತಾನೆಂದು ಗೊತ್ತಿದ್ದವರಿಗೆ ಆ ಗ್ಯಾರೇಜಿನ ಮುಂದಿನ ಸಾಲು ಅರ್ಥವಾದೀತು. ಕೆಲಸಗಾರರು ಬಾಂಗ್ಲಾದವರು, ಪಾಕಿಸ್ತಾನದವರು, ಕೇರಳದವರು. ಅಣ್ಣೆರಿಗೆ ಹಿಂದಿ ನಾಲಿಗೆಗೆ ಹತ್ತಲಿಲ್ಲ, ಹಾಗಾಗಿ ಎಲ್ಲರಿಗೂ ತುಳು ಕಲಿಸಿಬಿಟ್ಟಿದ್ದರು. ಢಾಕಾ ಕಡೆಯ ಮೇಸ್ತ್ರಿ "ಪಾನಾ ಕೊರ್ಲೆ" ಎಂದು ಸ್ಪ್ಯಾನರ್ ಕೇಳಿದರೆ ಪಾಕಿಸ್ತಾನದವನು "ಇಂದಾ" ಎಂದು ಎತ್ತಿ ಕೊಡುತ್ತಿದ್ದ. ಮೊದಲ ಸಲ ಇದನ್ನು ನೋಡಿದಾಗ ನಾನು ನಿಂತಲ್ಲೇ ನಕ್ಕುಬಿಟ್ಟೆ. ಅಣ್ಣೆರ್ ಮಾತ್ರ ಗಂಭೀರವಾಗಿ, "ಎಂಥ ನಗುದು ಬಾಯಮ್ಮ, ಇವ ನಿಮಗಿಂತ ಒಳ್ಳೆ ತುಳು ಮಾತಾಡ್ತಾನೆ" ಎಂದರು. ಕ್ರೈಸ್ತ ಹೆಂಗಸರನ್ನು ನಮ್ಮೂರಿನಲ್ಲಿ ಕರೆಯುವ ಹಾಗೆ ಬಾಯಮ್ಮ ಎಂದೇ ಅವರು ನನ್ನನ್ನು ಕೊನೆಯವರೆಗೂ ಕರೆದದ್ದು.

ಕಾಗದದ ಮೇಲೆ ಅಣ್ಣೆರ್ ಅಡುಗೆಯವರು. ಮುಹರ್ರಕ್ಕಿನ ಒಬ್ಬ ಅಜ್ಜ ತನ್ನ ಮನೆಯ ಅಡುಗೆಗೆಂದು ಕೊಟ್ಟ ವೀಸಾದಲ್ಲಿ ಅವರು ಬಂದದ್ದು. ಆ ಅಜ್ಜನೇ ಅವರ ಕಫೀಲ, ಎಂದರೆ ವೀಸಾದ ಯಜಮಾನ. ಅಜ್ಜನ ಮನೆಯ ಒಲೆಯನ್ನು ಅಣ್ಣೆರ್ ಒಂದು ದಿನವೂ ಹಚ್ಚಲಿಲ್ಲ, ವಿಮಾನ ಇಳಿದವರು ನೇರ ಗ್ಯಾರೇಜಿನ ಕೆಲಸಕ್ಕೆ ಹೋದರು. ಇಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಬಹ್ರೇನಿನಲ್ಲಿ ಹೊಸಬರ ಪರಿಚಯವಾದರೆ ನಾವು ಕೇಳುವ ಪ್ರಶ್ನೆ ಎರಡು: ಕೆಲಸ ಎಲ್ಲಿ, ವೀಸಾ ಯಾರದ್ದು. ಎರಡಕ್ಕೂ ಒಂದೇ ಉತ್ತರ ಬಂದರೆ ಅವನು ಪುಣ್ಯವಂತ. ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಮೇಜಿನ ಆಚೆ ಕೂತವರು ಕೇಳಿದರೆ ವೀಸಾದವರ ಹೆಸರನ್ನೇ ಹೇಳಬೇಕು, ಕೆಲಸದ ಜಾಗವನ್ನಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಪ್ಪ ಅಮ್ಮಂದಿರನ್ನು ನೋಡಿ ತಾನಾಗಿ ಬರುತ್ತದೆ.

ಒಮ್ಮೆ ನಮ್ಮ ಮನೆಯಲ್ಲಿ ಅವರೇ ಒಳಗೆ ಹೋಗಿ ಚಾ ಮಾಡಿದರು. ಒಂದು ಗುಟುಕು ಕುಡಿದ ನನ್ನ ಗಂಡ, "ಅಣ್ಣೆರ್, ಪೊಲೀಸರು ಕೇಳಿದ್ರೆ ಬೇಕಾದ್ರೆ ಹಾಡಿ ತೋರಿಸಿ, ಚಾ ಮಾತ್ರ ಮಾಡಿ ತೋರಿಸ್ಬೇಡಿ" ಎಂದರು. ಆ ದಿನ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನ್ನ ಗಂಡ ಎಸಿ ಟೆಕ್ನಿಶಿಯನ್. ನಾನು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಮಗಳು ಇನ್ನೂ ಚಿಕ್ಕವಳಿದ್ದಾಗ ಇವರ ಕಂಪನಿಯ ಯಜಮಾನ ಬಾಗಿಲು ಹಾಕಿ ಎಲ್ಲಿಗೋ ಹೋದ. ಸಂಬಳ ಇಲ್ಲ, ವೀಸಾ ಮುಗಿಯುತ್ತ ಬಂದಿತ್ತು. ಸುದ್ದಿ ಕೇಳಿ ಅಣ್ಣೆರ್ ಆ ಸಂಜೆಯೇ ಬಂದು ನಮ್ಮ ಊಟದ ಮೇಜಿನ ಮೇಲೆ ಕೀಗೊಂಚಲು ಇಟ್ಟರು. ಮರುದಿನದಿಂದ ತಮ್ಮ ಗ್ಯಾರೇಜನ್ನು ಮೇಸ್ತ್ರಿಗೆ ಬಿಟ್ಟು ಇವರ ಜೊತೆ ಕಾರ್ಮಿಕ ಇಲಾಖೆಯ ಬೆಂಚಿನ ಮೇಲೆ ಕೂತರು. ಒಬ್ಬ ಅಧಿಕಾರಿಯಿಂದ ಇನ್ನೊಬ್ಬನ ಹತ್ತಿರ, ಅವನಿಂದ ಮತ್ತೆ ಮೊದಲಿನವನ ಹತ್ತಿರ. ಅರಬ್ಬಿ ಬಾರದೆ ಅರಬ್ಬರನ್ನು ನಗಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಕೊನೆಗೆ ಹೊಸ ವೀಸಾದ ಕಾಗದ ಹಿಡಿದುಕೊಂಡು ಬಂದು, "ಬಾಯಮ್ಮ, ಬಂಗುಡೆ ಗಸಿ ಮಾಡಿ, ಹಸಿವೆಯಾಗ್ತದೆ" ಎಂದರು. ಅವರು ಕೊಟ್ಟ ಮಾತು ಅಂದರೆ ಅದು. ಮುಂದೆ ಅವರ ಮೇಲೆ ನನಗೆ ಬಂದ ಸಿಟ್ಟು ಯಾಕೆ ಅಷ್ಟು ದೊಡ್ಡದು ಎಂದು ಕೇಳುವವರಿಗೆ ಇದನ್ನು ಹೇಳದೆ ಅರ್ಥ ಮಾಡಿಸಲು ಆಗುವುದಿಲ್ಲ.

ಅವರಿಗೊಬ್ಬಳು ತಂಗಿ ಇದ್ದಳು. ಚೊಚ್ಚಲ ಹೆರಿಗೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಸಂಘದ ವಾರ್ಷಿಕ ಸಭೆಯಲ್ಲಿ ಈ ಕತೆಯನ್ನು ಅವರು ಒಂದೇ ಸಲ ಹೇಳಿದ್ದು, ನಾನು ಮರೆತಿಲ್ಲ.

"ಆಸ್ಪತ್ರೆ ಉಂಟು. ಬಾಗಿಲು ತೆರೆದು ಉಂಟು. ಮಂಚ ಉಂಟು, ಮದ್ದೂ ಉಂಟು. ಕೊಡ್ಲಿಕ್ಕೆ ಜನ ಇಲ್ಲ. ನಾನು ಜೀಪು ಹುಡುಕ್ಲಿಕ್ಕೆ ರಸ್ತೆಗೆ ಓಡಿದೆ. ವಾಪಸ್ ಬರುವಾಗ ಮುಗಿದಿತ್ತು. ಒಬ್ಬಳು ನರ್ಸ್ ಇದ್ದಿದ್ರೆ ಸಾಕಿತ್ತು ಮಾರಾಯ್ರೆ. ಒಬ್ಬಳು."

ಆ ದಿನವೇ ವಿದ್ಯಾನಿಧಿ ಹುಟ್ಟಿತು. ಇಲ್ಲಿ ದುಡಿಯುವ ನಮ್ಮವರ ಮಕ್ಕಳಿಗೆ ಓದಲು ಸಂಘ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಓದು ಮುಗಿಸಿ ಬೇರೆಲ್ಲಿಯಾದರೂ ಕೆಲಸಕ್ಕೆ ಸೇರಿದವರು ಕಂತಿನಲ್ಲಿ ತೀರಿಸಬೇಕು. ಊರಿನ ಸರಕಾರಿ ಆಸ್ಪತ್ರೆಯಲ್ಲೋ ಸರಕಾರಿ ಶಾಲೆಯಲ್ಲೋ ಐದು ವರ್ಷ ಕೆಲಸ ಮಾಡಿದರೆ ಸಾಲ ಪೂರ್ತಿ ಮನ್ನಾ. ಇದು ಅಣ್ಣೆರ ಯೋಜನೆ, ಅಣ್ಣೆರ ಕನಸು. ಮೊದಲ ಚಂದಾ ಕೂಡ ಅವರದೇ.

ನಮ್ಮ ಮಗಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲಿಯೇ. ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ಇಂಗ್ಲಿಷ್. ಅವಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದ ವರ್ಷವೇ ನನ್ನ ಗಂಡನಿಗೆ ಹೃದಯದ ಆಪರೇಷನ್ ಆಯಿತು. ಉಳಿಸಿದ್ದೆಲ್ಲ ಆಸ್ಪತ್ರೆಗೆ ಹೋಯಿತು. ಸಂಘದ ಸಾಲಕ್ಕೆ ಕೇಳಿದೆವು. ಅಣ್ಣೆರ್ ಬಂದರು, ಕನ್ನಡಕ ಜೇಬಿಗೆ ಹೋಯಿತು, ಕೀ ಮೇಜಿನ ಮೇಲೆ ಬಂತು. "ಐದು ವರ್ಷ ನೀನು ಊರಿನವರನ್ನು ನೋಡಿಕೊ ಮಗಾ. ನಿನ್ನ ಸಾಲವನ್ನು ನಾನು ನೋಡಿಕೊಳ್ತೇನೆ."

ಈ ಶಾಸ್ತ್ರ ಗೊತ್ತಿಲ್ಲದ ಮಗಳು ಕೀಗೊಂಚಲನ್ನು ಎತ್ತಿ, ಯಾವ ಕೀ ಯಾವುದಕ್ಕೆ ಎಂದು ನೋಡತೊಡಗಿದಳು. ನನ್ನ ಗಂಡ ಗಾಬರಿಯಾಗಿ ಅವಳ ಕೈಯಿಂದ ಕಿತ್ತುಕೊಂಡು ಅವರ ಮುಂದೆ ಇಟ್ಟರು. ಅಣ್ಣೆರಿಗೆ ನಗುವೋ ನಗು. "ಬಿಡಿ ಮಾರಾಯ್ರೆ, ಇಷ್ಟು ವರ್ಷದಲ್ಲಿ ಇವಳೊಬ್ಬಳೇ ಬುದ್ಧಿವಂತೆ" ಎಂದರು.

ಮಗಳು ಪಾಸಾದಳು. ಆ ಹೊತ್ತಿಗೆ ಊರಿನ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಂ ನೇಮಕಾತಿ ಎಂಬುದು ಕೇಳಿದ ಸುದ್ದಿ ಮಾತ್ರ. ತಾಲ್ಲೂಕು ಆಸ್ಪತ್ರೆಗೆ ನರ್ಸುಗಳನ್ನು ತೆಗೆದುಕೊಳ್ಳುತ್ತಿದ್ದದ್ದು ಹೊರಗುತ್ತಿಗೆಯಲ್ಲಿ. ಕೆಲಸ ಸರಕಾರದ ಆಸ್ಪತ್ರೆಯಲ್ಲಿ, ಸಂಬಳದ ಚೀಟಿ ಒಂದು ಏಜೆನ್ಸಿಯದ್ದು. ಸೇರುವ ಮೊದಲು ಅವಳು ಅಣ್ಣೆರಿಗೇ ಫೋನ್ ಮಾಡಿದಳು. ಆಗ ಅವರು ನಮ್ಮ ಮನೆಯಲ್ಲೇ ಕೂತಿದ್ದರು. ನಾನು ಎದುರಿಗೇ ಇದ್ದೆ.

"ಅಣ್ಣೆರ್ ಅಂಕಲ್, ಗವರ್ನಮೆಂಟ್ ಹಾಸ್ಪಿಟಲ್, ಬಟ್ ಸ್ಯಾಲರಿ ಏಜೆನ್ಸಿ ಕೊಡ್ತದೆ. ಪರವಾಗಿಲ್ವಾ?"

"ಆಸ್ಪತ್ರೆ ಯಾರದ್ದು ಮಗಾ?"

"ಗವರ್ನಮೆಂಟ್‌ದು."

"ರೋಗಿಗಳು?"

"ಊರಿನವರು."

"ಮತ್ತೆ ಎಂಥ ಕೇಳುದು? ಸಂಬಳ ಯಾರು ಬೇಕಾದ್ರೂ ಕೊಡ್ಲಿ, ನೀನು ಹೋಗಿ ಸೇರು. ಖಲಾಸ್."

ಇದನ್ನು ಬರಹದಲ್ಲಿ ತೆಗೆದುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುವ ಧೈರ್ಯ ಯಾರಿಗಿತ್ತು? ಅಣ್ಣೆರ ಹತ್ತಿರ ಬರಹ ಕೇಳುವುದೆಂದರೆ ಅವರನ್ನು ನಂಬಲಿಲ್ಲ ಎಂದು ಹೇಳಿದಂತೆ. ಹಾಗೆ ಹೇಳಿದವರು ಮರುದಿನ ಸಂಘದಲ್ಲಿ ಯಾರ ಮುಖ ನೋಡಬೇಕು?

ಮೊದಲ ವರ್ಷ ಅವಳು ದಿನಾ ಫೋನಿನಲ್ಲಿ ಅಳುತ್ತಿದ್ದಳು. ಅವಳ ಕನ್ನಡ ಕೇಳಿ ಹೆರಿಗೆ ವಾರ್ಡಿನ ಹೆಂಗಸರು ನೋವಿನಲ್ಲೂ ನಗುತ್ತಿದ್ದರಂತೆ. ಹತ್ತಿ ಇದ್ದರೆ ಸ್ಪಿರಿಟ್ ಇಲ್ಲ, ಎರಡೂ ಇದ್ದರೆ ಕರೆಂಟ್ ಇಲ್ಲ. ಏಜೆನ್ಸಿಯವನು ಸಂಬಳವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತಿದ್ದ. ಗಲ್ಫಿನಿಂದ ಊರಿಗೆ ಹಣ ಕಳಿಸುವುದು ಹೊಸತಲ್ಲ, ಕೆಲಸದಲ್ಲಿರುವ ಮಗಳ ಊಟದ ಖರ್ಚಿಗೆ ಕಳಿಸಿದವರಲ್ಲಿ ನಾವೇ ಮೊದಲಿಗರಿರಬೇಕು. ಎರಡನೆಯ ವರ್ಷಕ್ಕೆ ಅಳು ನಿಂತಿತು. ನಾನು ಫೋನ್ ಮಾಡಿದರೆ, "ಮಮ್ಮಿ, ಮೂರನೆ ಮಂಚದವರಿಗೆ ನೋವು ಶುರು ಆಗಿದೆ, ಆಮೇಲೆ ಮಾಡಿ ಆಯ್ತಾ" ಎಂದು ನನಗಿಂತ ಚೆನ್ನಾಗಿ ಕನ್ನಡ ಮಾತಾಡಿ ಇಟ್ಟುಬಿಡುತ್ತಿದ್ದಳು. ಕೊರೋನಾದ ಎರಡು ವರ್ಷ ಊರೇ ಬಾಗಿಲು ಹಾಕಿಕೊಂಡಾಗಲೂ ಅವಳು ವಾರ್ಡಿನಲ್ಲಿಯೇ ಇದ್ದಳು. ಅವಳ ಜೊತೆ ಓದಿದವರು ಒಬ್ಬೊಬ್ಬರಾಗಿ ಐರ್ಲೆಂಡಿಗೆ ಹೋದರು. ಅವಳೂ ಒಂದು ಇಂಟರ್‌ವ್ಯೂ ಕೊಟ್ಟಿದ್ದಳು, ಆಯ್ಕೆಯೂ ಆಗಿತ್ತು. ಅದು ಕಿವಿಗೆ ಬಿದ್ದದ್ದೇ ಅಣ್ಣೆರ್ ಇಲ್ಲಿಂದ ಅವಳಿಗೆ ಫೋನ್ ಮಾಡಿದರು.

"ಇನ್ನು ಎರಡೇ ವರ್ಷ ಅಲ್ವಾ ಮಗಾ. ಸಾಲ ಹೋಗ್ತದೆ, ಊರಿಗೂ ಆಗ್ತದೆ. ನನ್ನ ತಂಗಿಗೆ ಇಲ್ಲದ್ದು ಇನ್ನೊಬ್ಬರ ತಂಗಿಗೆ ನಿನ್ನಿಂದ ಸಿಗ್ತಾ ಉಂಟು."

ತಂಗಿಯ ಹೆಸರು ಎತ್ತಿದ ಮೇಲೆ ಅವಳು ಏನು ಹೇಳಿಯಾಳು? ಐರ್ಲೆಂಡಿಗೆ ಬರುವುದಿಲ್ಲವೆಂದು ತಿಳಿಸಿದಳು.

ಐದು ವರ್ಷ ಮುಗಿಯುವ ಹೊತ್ತಿಗೆ ಸಂಘದ ಸಮಿತಿ ಬದಲಾಗಿತ್ತು. ಅಣ್ಣೆರ್ ಗೌರವಾಧ್ಯಕ್ಷರು, ಉಳಿದವರೆಲ್ಲ ಹೊಸಬರು. ಖಜಾಂಚಿ ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಮಾತು ಮೆತ್ತಗೆ. ಶುಕ್ರವಾರದ ಸಭೆಗೆ ನನ್ನನ್ನು ಕರೆದರು, ಎದ್ದು ಕುರ್ಚಿ ಕೊಟ್ಟರು. ಮಗಳಿಗೆ ಸ್ಪೀಕರಿನಲ್ಲಿ ಫೋನ್ ಹಚ್ಚಿದರು. ಅಣ್ಣೆರ್ ಮೇಜಿನ ತುದಿಯಲ್ಲಿ ಕೂತಿದ್ದರು.

"ಕಂಗ್ರಾಜುಲೇಷನ್ಸ್ ಅಮ್ಮಾ, ಫೈವ್ ಇಯರ್ಸ್ ಆಯ್ತು. ಒಂದೇ ಪ್ರಶ್ನೆ. ನಿಮ್ಮ ಎಂಪ್ಲಾಯರ್ ಯಾರು?"

ಊರಿನಲ್ಲಿ ಹುಟ್ಟಿ ಬೆಳೆದ ಹುಡುಗಿಯಾಗಿದ್ದರೆ ಕಣ್ಣು ಮುಚ್ಚಿ "ಸರಕಾರಿ ಆಸ್ಪತ್ರೆ" ಎನ್ನುತ್ತಿದ್ದಳು. ಇವಳು ಬಹ್ರೇನಿನ ಮಗಳು. ಮೇಜಿನ ಆಚೆಯಿಂದ ಪ್ರಶ್ನೆ ಬಂದರೆ ಕಾಗದದ ಯಜಮಾನನ ಹೆಸರು ಹೇಳಬೇಕೆಂದು ಬೆಳೆದವಳು. ಒಂದು ಕ್ಷಣವೂ ತಡಮಾಡದೆ ಏಜೆನ್ಸಿಯ ಹೆಸರು ಹೇಳಿದಳು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

ಖಜಾಂಚಿ ನನ್ನ ಕಡೆ ತಿರುಗಿದರು. "ಮೇಡಂ, ದಯವಿಟ್ಟು ಪರ್ಸನಲ್ ಆಗಿ ತಗೋಬೇಡಿ. ನಮ್ಮ ರೂಲ್ಸ್ ಪ್ರಕಾರ ಸರ್ಕಾರಿ ನೌಕರಿ ಆಗಿರಬೇಕು. ಇದು ಪ್ರೈವೇಟ್ ಏಜೆನ್ಸಿ. ಸಾಲ ಮನ್ನಾ ಮಾಡೋಕೆ ಬರಲ್ಲ."

ಫೋನಿನೊಳಗಿಂದ ಮಗಳು, "ಅಣ್ಣೆರ್ ಅಂಕಲ್‌ಗೆ ಎಲ್ಲ ಗೊತ್ತುಂಟು. ಸೇರುವ ಮೊದಲೇ ಕೇಳಿದ್ದೆ. ಅವರನ್ನು ಕೇಳಿ" ಎಂದಳು. ಅವಳ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ.

ಎಲ್ಲರೂ ಅಣ್ಣೆರ ಕಡೆ ನೋಡಿದರು. ಅವರು ಕನ್ನಡಕ ತೆಗೆದರು. ನನ್ನ ಎದೆ ಹಗುರವಾಯಿತು. ಇನ್ನು ಕೈ ಪ್ಯಾಂಟಿನ ಜೇಬಿಗೆ ಹೋಗುತ್ತದೆ, ಕೀ ಹೊರಗೆ ಬರುತ್ತದೆ ಎಂದು ಕಾದೆ. ಅವರು ಅಂಗಿಯ ತುದಿಯಿಂದ ಗಾಜನ್ನು ಒರೆಸಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಮೇಜನ್ನೇ ನೋಡುತ್ತ, "ನಿಯಮ ಇದ್ದ ಹಾಗೆ ಮಾಡಿ" ಎಂದರು.

"ಹಲೋ?" ಎಂದಳು ಮಗಳು. "ಅಂಕಲ್ ಏನು ಹೇಳಿದ್ರು? ನನಗೆ ಕೇಳ್ಲಿಲ್ಲ."

ನಾವು ನಿಮಗೆ ತಿಳಿಸ್ತೀವಿ ಎಂದು ಖಜಾಂಚಿ ಫೋನ್ ಇಟ್ಟರು. ಅವಳಿಗೆ ತಿಳಿಸುವ ಕೆಲಸ ನನ್ನ ತಲೆಗೆ ಬಂತು. ಹೇಳಿದಾಗ ಅವಳು ನಂಬಲೇ ಇಲ್ಲ. "ಇಲ್ಲ ಮಮ್ಮಿ, ನೀವು ಸರಿಯಾಗಿ ಕೇಳಿಸಿಕೊಂಡಿಲ್ಲ, ಅವರು ಹಾಗೆ ಹೇಳುವವರಲ್ಲ" ಎಂದು ನನಗೇ ಬುದ್ಧಿ ಹೇಳಿದಳು.

ಎರಡು ದಿನ ಬಿಟ್ಟು ಕಚೇರಿಯಿಂದ ನೇರ ಟುಬ್ಲಿಗೆ ಹೋದೆ. ಅಣ್ಣೆರ್ ಒಂದು ಕಾರಿನ ಬಾನೆಟಿನೊಳಗೆ ತಲೆ ಹಾಕಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡರು, ಕುರ್ಚಿ ಹಾಕಿಸಿದರು, ಚಾ ತರಿಸಿದರು. ಬರುತ್ತೇನೆಂದು ಅವರಿಗೆ ಗೊತ್ತಿತ್ತು.

"ಸಂಬಳ ಯಾರು ಕೊಟ್ರೂ ಆಗ್ತದೆ ಅಂತ ಹೇಳಿದ್ದು ನೀವು ಅಲ್ವಾ?" ಎಂದೆ.

"ಹೌದು, ಹೇಳಿದ್ದೆ."

"ಮತ್ತೆ ಮೊನ್ನೆ ಎಂಥ ಆಯ್ತು ನಿಮಗೆ?"

"ಇವಳೊಬ್ಬಳೇ ಅಲ್ಲ ಬಾಯಮ್ಮ. ಇನ್ನೂ ಸುಮಾರು ಮಕ್ಕಳು ಉಂಟು, ಎಲ್ಲ ಏಜೆನ್ಸಿಯವರೇ. ಎಲ್ಲರಿಗೂ ಮಾತು ಕೊಟ್ಟವ ನಾನೇ. ಇವಳದ್ದು ಮನ್ನಾ ಆದ್ರೆ ಎಲ್ಲರದ್ದೂ ಆಗ್ಬೇಕು. ನಿಧಿಯಲ್ಲಿ ಅಷ್ಟಿಲ್ಲ. ಹಾಗೆ ಮಾಡಿದ್ರೆ ನಾವು ಸಂಘ ಬಿಡ್ತೇವೆ ಅಂತ ಹೊಸಬರು ಮೊದಲೇ ಹೇಳಿದ್ರು. ನಾನು ಅಲ್ಲಿ ಹೌದು ಅಂದಿದ್ರೆ ಸಂಘ ಒಡೀತಿತ್ತು. ಸಂಘ ಉಳಿಬೇಕಲ್ಲ?"

"ಹಾಗಾದ್ರೆ ಅದನ್ನೇ ಹೇಳ್ಬಹುದಿತ್ತು. ಮಾತು ಕೊಟ್ಟದ್ದು ಹೌದು, ಈಗ ದುಡ್ಡು ಇಲ್ಲ ಅಂತ. ಅವಳು ನಿಮ್ಮ ಹೆಸರು ಹೇಳಿದ್ದು ಸುಳ್ಳು ಅನ್ನುವ ಹಾಗೆ ಮಾಡಿದ್ರಿ ನೀವು."

ಅವರು ಬಟ್ಟೆ ಎತ್ತಿಕೊಂಡು ಬೆರಳುಗಳನ್ನು ಮತ್ತೆ ಒರೆಸತೊಡಗಿದರು.

"ನಿಮ್ಮ ವೀಸಾದಲ್ಲಿ ಎಂಥ ಬರೆದುಂಟು ಅಣ್ಣೆರ್?"

"ಅಡುಗೆಯವ."

"ಈ ಗ್ಯಾರೇಜು ಇಷ್ಟು ವರ್ಷ ನಡೆಸಿದ್ದು ಯಾರು? ಅಡುಗೆಯವನಾ?"

ಢಾಕಾದ ಮೇಸ್ತ್ರಿ ಕೆಲಸ ನಿಲ್ಲಿಸಿ ನಮ್ಮ ಕಡೆ ನೋಡಿದ. ಅಣ್ಣೆರ್ ಲೋಟವನ್ನು ನನ್ನ ಕಡೆಗೆ ಸರಿಸಿ, "ಚಾ ತಣ್ಣಗಾಗ್ತದೆ ಬಾಯಮ್ಮ" ಎಂದರು. ನಾನು ಕುಡಿಯಲಿಲ್ಲ. ಹೊರಗೆ ಬಂದು ಟ್ಯಾಕ್ಸಿಯವನಿಗೆ ಮನೆಯ ದಾರಿ ಹೇಳಲೂ ತಡವರಿಸಿದೆ.

ಖಜಾಂಚಿಯ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಅವರು ನನಗೆ ಯಾವ ಮಾತನ್ನೂ ಕೊಟ್ಟವರಲ್ಲ. ಮೋಸ ಮಾಡಲು ಮೊದಲು ಹತ್ತಿರದವರಾಗಿರಬೇಕು. ನಮಗೆ ಅಣ್ಣೆರಿಗಿಂತ ಹತ್ತಿರದವರು ಈ ದೇಶದಲ್ಲಿ ಯಾರಿದ್ದರು?

ಮಗಳು ತಾಲ್ಲೂಕು ಆಸ್ಪತ್ರೆಯನ್ನು ಬಿಟ್ಟಳು. ಆ ಸಂಬಳದಲ್ಲಿ ಸಾಲದ ಕಂತು ಕಟ್ಟುವುದು ಆಗದ ಮಾತು. ಐರ್ಲೆಂಡಿನವರು ಮತ್ತೆ ಕರೆಯಲಿಲ್ಲ. ಬಹ್ರೇನಿಗೇ ಬಂದು ಮನಾಮದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು, ಇಲ್ಲಿಯೂ ಒಂದು ಕಂಪನಿಯ ಮೂಲಕವೇ. ಪ್ರತಿ ತಿಂಗಳು ಸಂಘದ ಖಾತೆಗೆ ಕಂತು ಹೋಗತೊಡಗಿತು. ಆಪರೇಷನ್ ಆದ ಮೇಲೆ ಕೆಲಸ ಬಿಟ್ಟು ಊರಿಗೆ ಹೋಗಬೇಕೆಂದಿದ್ದ ನನ್ನ ಗಂಡ, ಅವಳ ಸಾಲ ತೀರುವವರೆಗೆ ಎಂದು ಏಣಿ ಹತ್ತಿ ಎಸಿ ಬಿಚ್ಚುತ್ತಲೇ ಇದ್ದಾರೆ. ಬೇಡವೆಂದರೆ ಕೇಳುವುದಿಲ್ಲ.

ಅಣ್ಣೆರ್ ಅದಾದ ಮೇಲೂ ಬದಲಾಗಲಿಲ್ಲ, ನನಗೆ ಕಷ್ಟವಾದದ್ದು ಅದೇ. ಗುರುತಿಲ್ಲದ ಒಬ್ಬ ಕೂಲಿಯವನ ಹೆಣವನ್ನು ಅವನ ಊರಿಗೆ ಕಳಿಸಲು ಊಟ ಬಿಟ್ಟು ಓಡಾಡಿದರು. ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಹಲ್ವಾದ ಡಬ್ಬಿ ಕಳಿಸುವುದನ್ನು ನಿಲ್ಲಿಸಲಿಲ್ಲ. ವಾಪಸ್ ಕಳಿಸಿದರೆ ಊರೆಲ್ಲ ಮಾತಾಗುತ್ತದೆಂದು ತೆಗೆದುಕೊಂಡು, ಕಟ್ಟಡದ ವಾಚ್‌ಮನ್‌ಗೆ ಕೊಡುತ್ತಿದ್ದೆ. ಅವರು ಕೆಟ್ಟವರಾಗಿದ್ದರೆ ನಾಲ್ಕು ಬಯ್ದು ಮರೆಯಬಹುದಿತ್ತು. ಒಳ್ಳೆಯವರು ಕೈ ಬಿಟ್ಟರೆ ಬಯ್ಯಲೂ ಬಾಯಿ ಬರುವುದಿಲ್ಲ, ಯಾರ ಹತ್ತಿರ ಹೇಳಿಕೊಂಡರೂ "ಅಣ್ಣೆರಾ? ಛೆ, ಇರ್ಲಿಕ್ಕಿಲ್ಲ" ಎನ್ನುತ್ತಾರೆ.

ಕಳೆದ ಚಳಿಗಾಲದಲ್ಲಿ ಗ್ಯಾರೇಜನ್ನು ಮೇಸ್ತ್ರಿಗೆ ಒಪ್ಪಿಸಿ ಅವರು ಊರಿಗೆ ಹೊರಟರು. ಸಂಘದವರು ದೊಡ್ಡ ಹಾಲ್ ತೆಗೆದುಕೊಂಡು ಬೀಳ್ಕೊಡುಗೆ ಮಾಡಿದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲವೂ ಇತ್ತು. ನನಗೆ ಹೋಗುವ ಮನಸ್ಸಿರಲಿಲ್ಲ. "ಹೋಗುವ ಮಮ್ಮಿ, ಪಪ್ಪನಿಗೆ ವೀಸಾ ಮಾಡಿಸಿ ಕೊಟ್ಟವರಲ್ವಾ" ಎಂದು ಮಗಳೇ ನನ್ನನ್ನು ಎಬ್ಬಿಸಿದಳು. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು.

ಅಣ್ಣೆರ್ ಭಾಷಣ ಮಾಡಿದರು. ಪೇಟ ಒಂದು ಕಡೆಗೆ ವಾಲಿತ್ತು. ತಮ್ಮ ಅಡುಗೆ ವೀಸಾದ ಕತೆ ಹೇಳಿ ಎಲ್ಲರನ್ನೂ ನಗಿಸಿದರು, ಕಫೀಲ ಅಜ್ಜನನ್ನು ನೆನೆದರು. ಆಮೇಲೆ ಸಭೆಯೊಳಗೆ ಕಣ್ಣು ಹಾಯಿಸಿ ನಮ್ಮ ಸಾಲಿನಲ್ಲಿ ನಿಲ್ಲಿಸಿದರು.

"ಮಗಾ, ಇಲ್ಲಿ ಬಾ."

ಮಗಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು ವೇದಿಕೆಗೆ ಹೋದಳು. ಅಣ್ಣೆರ್ ಅವಳ ಹೆಗಲ ಮೇಲೆ ಕೈ ಇಟ್ಟು ಮೈಕ್ ಹಿಡಿದರು.

"ಇವಳನ್ನು ನೋಡಿ. ನಮ್ಮ ಸಂಘದ ದುಡ್ಡಿನಲ್ಲಿ ಕಲಿತವಳು. ಜೊತೆಗೆ ಕಲಿತವರೆಲ್ಲ ಹೊರದೇಶಕ್ಕೆ ಹೋದ್ರು. ಇವಳು ಐದು ವರ್ಷ ನಮ್ಮೂರಿನ ಸರಕಾರಿ ಆಸ್ಪತ್ರೆಯಲ್ಲಿ ಸೇವೆ ಮಾಡಿದ್ದಾಳೆ. ಸರಕಾರಿ ಆಸ್ಪತ್ರೆಯಲ್ಲಿ, ಐದು ವರ್ಷ. ಇಷ್ಟು ಕಾಲ ಬಹ್ರೇನಿನಲ್ಲಿ ಎಂಥ ಸಂಪಾದನೆ ಮಾಡಿದಿ ಅಂತ ಯಾರಾದ್ರೂ ಕೇಳಿದ್ರೆ ನಾನು ಇವಳನ್ನು ತೋರಿಸ್ತೇನೆ."

ಹಾಲ್ ಪೂರ್ತಿ ಎದ್ದು ಚಪ್ಪಾಳೆ ತಟ್ಟಿತು. ಖಜಾಂಚಿಯೂ ಎದ್ದು ನಿಂತು ತಟ್ಟುತ್ತಿದ್ದರು. ಅಣ್ಣೆರ ಕಣ್ಣು ಒದ್ದೆಯಾಗಿತ್ತು. ಅವರು ನಾಟಕ ಮಾಡುತ್ತಿರಲಿಲ್ಲ, ಅಷ್ಟು ವರ್ಷ ನೋಡಿದವಳಿಗೆ ಅದು ಗೊತ್ತಾಗುತ್ತದೆ. ಹೇಳಿದ ಒಂದೊಂದು ಮಾತನ್ನೂ ಅವರು ನಂಬಿದ್ದರು. ಆ ಐದು ವರ್ಷ ಅವಳ ಲೆಕ್ಕಕ್ಕೆ ಬರಲಿಲ್ಲ, ಅವರ ಲೆಕ್ಕಕ್ಕೆ ಬಂತು. ನಾನೊಬ್ಬಳೇ ಕೂತುಬಿಟ್ಟೆ.

ಚಪ್ಪಾಳೆ ಕಡಿಮೆಯಾದಾಗ ಮಗಳು ಅವರ ಕಡೆಗೆ ಬಾಗಿ ಮೆಲ್ಲಗೆ ಮಾತಾಡಿದಳು. ಅವರ ಕೈಯಲ್ಲಿದ್ದ ಮೈಕ್ ಅದನ್ನು ಹಿಡಿದುಕೊಂಡಿತು, ಕೊನೆಯ ಸಾಲಿನವರಿಗೂ ಕೇಳಿಸಿತು.

"ಇದನ್ನೇ ಆವತ್ತು ಫೋನಿನಲ್ಲಿ ಹೇಳಿದ್ರೆ ಸಾಕಿತ್ತು ಅಂಕಲ್."

ಅಣ್ಣೆರ್ ಅವಳನ್ನು ನೋಡಿದರು. ಆಮೇಲೆ ಅವರು ಮೈಕನ್ನು ಕೆಳಗಿಟ್ಟು, ತಮಗೆ ಕೊಟ್ಟಿದ್ದ ಹೂಗುಚ್ಛವನ್ನು ಅವಳ ಕೈಗೆ ತುರುಕಿ ಏನೋ ಹೇಳಿದರು. ಏನು ಹೇಳಿದರೆಂದು ಕಾರಿನಲ್ಲಿ ಬರುವಾಗ ಕೇಳಿದೆ. ಸಿಗ್ನಲ್ ಹಸಿರಾದ ಮೇಲೆ ಮಗಳು ಹೇಳಿದಳು.

"ಹೂ ಸರಿಯಾಗಿ ಹಿಡ್ಕೊ ಮಗಾ, ಫೋಟೋ ತೆಗೀತಾರೆ, ಅಂತ ಹೇಳಿದ್ರು."